ಮೆದುಳು ಜ್ವರವೋ, ಮೆದುಳು ಬಾವೋ: ವೈರಸ್ಸಿನ ಎದುರು ಟಿ ಕೋಶಗಳಿಗೆ ಹಾಕಿದ ಮೂಗುದಾರ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಲಾಗಿದೆ.)

ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಮಧ್ಯೆ ನೆಟ್‌ವರ್ಕ್ ಹೋದರೆ ಚಾಟ್‌ನಲ್ಲಿ ಬರೆದು ತಿಳಿಸಿ.

ನನ್ನನ್ನು ಪರಿಚಯಿಸುವಾಗ ನಂದವರಂನವರು ಅಂದರು. ಕರ್ನೂಲು ಜಿಲ್ಲೆಯಲ್ಲಿ ನಂದವರಂ ಅಂದ ತಕ್ಷಣ ಬಹಳ ಜನ ಚೌಡೇಶ್ವರಿ ಗುಡಿ ನೆನಪು ಮಾಡ್ಕೊಳ್ತಾರೆ. ಅದು ಬನಗಾನಪಲ್ಲಿ ಕಡೆಯದು. ನಮ್ಮದು ಎಮ್ಮಿಗನೂರಿನ ಪಕ್ಕದ ನಂದವರಂ. ಆದೋನಿ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ಗಡಿ ಆಚೆ ಹೋಯಿತು, ಮನೆಯ ಮಾತು ಮನೆಯಲ್ಲೇ ಉಳಿಯಿತು. ನಾನು ಕನ್ನಡ ಮನೆಯಲ್ಲಿ ಬೆಳೆದು ತೆಲುಗು ಶಾಲೆಯಲ್ಲಿ ಓದಿದವನು. ಇವತ್ತಿನ ವಿಷಯಕ್ಕೂ ಈ ಎರಡು ಭಾಷೆಗೂ ಸಂಬಂಧ ಇದೆ, ಅದಕ್ಕೇ ಹೇಳ್ತಿದ್ದೀನಿ.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಚಿಕ್ಕಪ್ಪನ ಮಗನಿಗೆ ಜ್ವರ ಬಂತು. ಅವನಿಗೆ ಆಗ ಆರು ವರ್ಷ. ಮೊದಲೆರಡು ದಿನ ಮಾಮೂಲಿ ಜ್ವರ ಅಂದ್ಕೊಂಡರು. ಮೂರನೇ ದಿನ ಬೆಳಗ್ಗೆ ಫಿಟ್ಸ್ ಬಂತು, ಮಧ್ಯಾಹ್ನದ ಹೊತ್ತಿಗೆ ಯಾರನ್ನೂ ಗುರುತು ಹಿಡಿಯಲಿಲ್ಲ. ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಡಾಕ್ಟರು ತೆಲುಗಿನಲ್ಲಿ ಹೇಳಿದ್ದು ‘ಮೆದಡು ವಾಪು’ ಅಂತ. ವಾಪು ಅಂದರೆ ಬಾವು, ಊತ. ಬಳ್ಳಾರಿಯಿಂದ ಬರುತ್ತಿದ್ದ ಕನ್ನಡ ಪತ್ರಿಕೆಯಲ್ಲಿ ಅದೇ ಕಾಯಿಲೆಗೆ ‘ಮೆದುಳು ಜ್ವರ’ ಅಂತ ಇರ್ತಿತ್ತು. ಹುಡುಗ ಬದುಕಿದ. ಆದರೆ ಬಲಗೈ ಸ್ವಾಧೀನಕ್ಕೆ ಬರಲಿಲ್ಲ, ಮಾತು ಹೋಯಿತು. ಚಿಕ್ಕಮ್ಮ ಇವತ್ತಿಗೂ ಹೇಳೋದು ಒಂದೇ ಮಾತು: ‘ಮಗೀಗೆ ಶಕ್ತಿ ಸಾಲಲಿಲ್ಲ, ನಾನೇ ಸರಿಯಾಗಿ ಉಣ್ಣಿಸಲಿಲ್ಲ.’

ನಾವಿಬ್ಬರೂ ಒಂದೇ ಕಾಲುವೆಯಲ್ಲಿ ಈಜಿದವರು, ಒಂದೇ ಅಂಗಳದಲ್ಲಿ ಮಲಗಿ ಒಂದೇ ಸೊಳ್ಳೆಗಳ ಕೈಯಲ್ಲಿ ಕಚ್ಚಿಸಿಕೊಂಡವರು. ಅವನಿಗೆ ಬಂದದ್ದು ನನಗೆ ಯಾಕೆ ಬರಲಿಲ್ಲ? ಅವನ ಮೆದುಳನ್ನು ಕೆಡಿಸಿದ್ದು ಜ್ವರ ತಂದ ವೈರಸ್ಸೋ, ಅಥವಾ ವೈರಸ್ಸಿನ ಮೇಲೆ ಬಿದ್ದ ಅವನದೇ ರಕ್ತ ತಂದ ಬಾವೋ? ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡೋಕೆ ಬಂದಮೇಲೂ ಈ ಪ್ರಶ್ನೆ ನನ್ನ ಬಿಟ್ಟಿಲ್ಲ. ಅದನ್ನೇ ಹಿಡ್ಕೊಂಡು ಟಿ ಕೋಶಗಳ ತಡೆ ಗ್ರಾಹಿಗಳ ಬಗ್ಗೆ ಮಾತಾಡ್ತೀನಿ.

ಕಾಯಿಲೆ ಮತ್ತು ನೆಲ

ಇದರ ಶಾಸ್ತ್ರೀಯ ಹೆಸರು ಜಪಾನೀಸ್ ಎನ್ಸೆಫಲೈಟಿಸ್, ಚಿಕ್ಕದಾಗಿ ಜೆಇ. ಭಾರತದಲ್ಲಿ ಇದರ ರೋಗಿಗಳು ಮೊದಲು ಗುರುತಾದದ್ದು 1955ರಲ್ಲಿ, ವೆಲ್ಲೂರು ಭಾಗದಲ್ಲಿ. ಆಮೇಲೆ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು, ಈ ಕಡೆ ಕರ್ನೂಲು, ಅನಂತಪುರ. ಪಟ್ಟಿ ನೋಡಿದರೆ ಸಾಕು, ನೀರಾವರಿಯ ನಕ್ಷೆ ಕಣ್ಣಿಗೆ ಬರುತ್ತೆ. ವೈರಸ್ಸು ಇರೋದು ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ, ಹೆಚ್ಚಾಗೋದು ಹಂದಿಗಳಲ್ಲಿ, ಸಾಗಿಸೋದು ಭತ್ತದ ಗದ್ದೆಯ ನಿಂತ ನೀರಿನಲ್ಲಿ ಮೊಟ್ಟೆ ಇಡುವ ಕ್ಯೂಲೆಕ್ಸ್ ಸೊಳ್ಳೆ. ತುಂಗಭದ್ರಾ ಅಣೆಕಟ್ಟೆಯ ಕೆಳಮಟ್ಟದ ಕಾಲುವೆ ಆದೋನಿ, ಎಮ್ಮಿಗನೂರು ಭಾಗಕ್ಕೆ ನೀರು ತಂದಿತು, ನೀರು ಭತ್ತ ತಂದಿತು. ಕಾಲುವೆಯನ್ನು ನಾನು ದೂರ್ತಾ ಇಲ್ಲ. ನಾವು ಉಂಡದ್ದು ಅದೇ ನೀರಿನ ಅನ್ನ.

ಒಂದು ಅಂಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ ಈ ವೈರಸ್ ತಗಲಿದವರಲ್ಲಿ ತೀವ್ರ ಕಾಯಿಲೆ ಕಾಣೋದು ಸುಮಾರು 250 ಜನರಲ್ಲಿ ಒಬ್ಬರಿಗೆ. ಉಳಿದವರಿಗೆ ಸಣ್ಣ ಜ್ವರ, ಅಥವಾ ಅದೂ ಇಲ್ಲ. ಮೆದುಳಿಗೆ ಹೋದರೆ ಮಾತ್ರ ಕಥೆ ಬೇರೆ. ಅಂಥವರಲ್ಲಿ ನೂರಕ್ಕೆ ಮೂವತ್ತರವರೆಗೆ ಸಾವು, ಉಳಿದವರಲ್ಲೂ ಬಹಳ ಜನಕ್ಕೆ ನಮ್ಮ ಹುಡುಗನಿಗಾದ ಹಾಗೆ ಶಾಶ್ವತ ಊನ. ಅಂದರೆ ಇನ್ನೂರ ನಲವತ್ತೊಂಬತ್ತು ಜನರ ದೇಹ ಈ ವೈರಸ್ಸನ್ನು ಸದ್ದಿಲ್ಲದೆ ಮುಗಿಸುತ್ತೆ. ‘ಸದ್ದಿಲ್ಲದೆ’ ಅನ್ನೋ ಪದವನ್ನು ಗಮನಿಸಿ.

ಮೂಗುದಾರ ಯಾಕೆ ಬೇಕು

ವೈರಸ್ಸು ಒಂದು ಜೀವಕೋಶದೊಳಗೆ ಹೊಕ್ಕಿತು ಅಂದರೆ ಆ ಕೋಶ ತನ್ನೊಳಗಿನ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಎತ್ತಿ ತೋರಿಸುತ್ತೆ. ಸಿಡಿ8 ಅನ್ನೋ ಗುರುತಿರುವ ಟಿ ಕೋಶ ಆ ತುಣುಕನ್ನು ಮುಟ್ಟಿ ನೋಡಿ, ಪರಕೀಯ ಅಂತ ಗೊತ್ತಾದರೆ ಇಡೀ ಕೋಶವನ್ನೇ ಕೊಲ್ಲುತ್ತೆ. ವೈರಸ್ಸನ್ನು ಮಾತ್ರ ಹೆಕ್ಕಿ ತೆಗೆಯೋ ವಿದ್ಯೆ ಅದಕ್ಕೆ ಗೊತ್ತಿಲ್ಲ. ಕಳ್ಳ ಹೊಕ್ಕ ಮನೆಗೆ ಬೆಂಕಿ ಇಡೋದು ಅದರ ದಾರಿ. ಚರ್ಮದಲ್ಲೋ ಕರುಳಿನಲ್ಲೋ ನಾಲ್ಕು ಮನೆ ಸುಟ್ಟರೆ ಮತ್ತೆ ಕಟ್ಟಬಹುದು. ಮೆದುಳಿನ ನರಕೋಶ ಸುಟ್ಟರೆ ಅಲ್ಲಿ ಹೊಸ ಮನೆ ಏಳಲ್ಲ.

ಇವುಗಳ ಸಂಖ್ಯೆ ಏರೋ ವೇಗ ಬೆರಗು ಹುಟ್ಟಿಸುವಂಥದ್ದು. ಒಂದು ವೈರಸ್ ತುಣುಕನ್ನು ಗುರುತಿಸಬಲ್ಲ ಟಿ ಕೋಶಗಳು ಮೊದಲಿಗೆ ಬೆರಳೆಣಿಕೆ. ವಾರದೊಳಗೆ ಹತ್ತಾರು ಸಾವಿರ ಪಟ್ಟಾಗುತ್ತವೆ. 1998ರಲ್ಲಿ ಪ್ರಕಟವಾದ ಒಂದು ಲೇಖನ, ಎಲ್‌ಸಿಎಂ ಅನ್ನೋ ವೈರಸ್ ತಗಲಿದ ಇಲಿಯಲ್ಲಿ ಎಂಟನೇ ದಿನದ ಹೊತ್ತಿಗೆ ಸಿಡಿ8 ಟಿ ಕೋಶಗಳಲ್ಲಿ ನೂರಕ್ಕೆ ಐವತ್ತರಿಂದ ಎಪ್ಪತ್ತರಷ್ಟು ಆ ಒಂದು ವೈರಸ್ಸಿನ ಬೆನ್ನು ಹತ್ತಿದವೇ ಅಂತ ಎಣಿಸಿ ತೋರಿಸಿತು. ಆ ಲೇಖನದ ಮೊದಲ ಲೇಖಕರು ಕೆ. ಮುರಳಿ ಕೃಷ್ಣ. ಅವರ ಹೆಸರು ಇನ್ನೊಮ್ಮೆ ಬರುತ್ತೆ.

ಇಂಥ ಸೈನ್ಯಕ್ಕೆ ಕಡಿವಾಣ ಇಲ್ಲದೆ ಹೋದರೆ? 1995ರಲ್ಲಿ ಉತ್ತರ ಸಿಕ್ಕಿತು. ಟಿ ಕೋಶದ ಮೈಮೇಲೆ ಸಿಟಿಎಲ್‌ಎ-4 ಅನ್ನೋ ಒಂದು ಗ್ರಾಹಿ ಇದೆ. (ಗ್ರಾಹಕ ಅಂತ ಬರೆದರೆ ಅಂಗಡಿಗೆ ಬಂದವನು ಅನ್ನಿಸುತ್ತೆ, ಅದಕ್ಕೇ ಗ್ರಾಹಿ. ಹೊರಗಿನ ಸಂದೇಶವನ್ನು ಹಿಡಿದು ಒಳಗೆ ಮುಟ್ಟಿಸುವ ಪ್ರೋಟೀನು ಅಂತ ತಿಳ್ಕೊಳ್ಳಿ.) ಟಿ ಕೋಶ ಎಚ್ಚರಗೊಳ್ಳೋಕೆ ಸಿಡಿ28 ಅನ್ನೋ ಇನ್ನೊಂದು ಗ್ರಾಹಿಗೆ ‘ಹೂಂ, ನಡಿ’ ಅನ್ನೋ ಸಂದೇಶ ಬೇಕು. ಸಿಟಿಎಲ್‌ಎ-4 ಅದೇ ಸಂದೇಶವನ್ನು ಸಿಡಿ28ಗಿಂತ ಬಿಗಿಯಾಗಿ ಹಿಡಿದು ಕಸಿದುಕೊಳ್ಳುತ್ತೆ. ಈ ಗ್ರಾಹಿ ಇಲ್ಲದ ಇಲಿಗಳನ್ನು ಹುಟ್ಟಿಸಿ ನೋಡಿದರೆ ಅವು ಮೂರು ನಾಲ್ಕು ವಾರಗಳಲ್ಲಿ ಸತ್ತವು. ಯಾವ ವೈರಸ್ಸನ್ನೂ ಕೊಟ್ಟಿರಲಿಲ್ಲ. ಅವುಗಳ ಟಿ ಕೋಶಗಳೇ ಹೃದಯಕ್ಕೆ, ಮೇದೋಜೀರಕಕ್ಕೆ ನುಗ್ಗಿದ್ದವು.

ಇನ್ನೊಂದು ಗ್ರಾಹಿ ಪಿಡಿ-1. ಇವತ್ತಿನ ಮಾತಿನಲ್ಲಿ ಇದೇ ಮುಖ್ಯ. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ ಇದನ್ನು ಕಂಡುಹಿಡಿಯಿತು. ಕೋಶ ತಾನಾಗಿ ಸಾಯೋದಕ್ಕೆ ಇದು ಕಾರಣ ಅಂದ್ಕೊಂಡು ‘ಪೂರ್ವನಿಯೋಜಿತ ಸಾವು’ ಅನ್ನೋ ಅರ್ಥದ ಹೆಸರಿಟ್ಟರು. ಕೆಲಸ ಬೇರೆ ಅಂತ ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳೀತು. ಕಂಡುಹಿಡಿದ ದಿನ ಇಟ್ಟ ಹೆಸರನ್ನು ನಂಬಿ ಪರೀಕ್ಷೆಯಲ್ಲಿ ಉತ್ತರ ಬರೆಯೋ ವಿದ್ಯಾರ್ಥಿಗಳನ್ನು ಪ್ರತಿ ವರ್ಷ ನೋಡ್ತೀನಿ.

ನಮ್ಮ ಕಡೆ ಎಳೆಗರುವಿಗೆ ಮೂಗುದಾರ ಹಾಕಲ್ಲ. ಹೋರಿ ಬಲಿತು, ಹಾಯೋ ಶಕ್ತಿ ಬಂತು ಅಂದಾಗ ಮೂಗು ಚುಚ್ಚುತ್ತಾರೆ. ಪಿಡಿ-1 ಕೂಡ ಹಾಗೇ. ಇನ್ನೂ ವೈರಸ್ ನೋಡದ ಎಳೆ ಟಿ ಕೋಶದ ಮೈಮೇಲೆ ಅದು ಇರಲ್ಲ. ಟಿ ಕೋಶ ಕೆರಳಿದ ಮೇಲೆ, ಆ ಕೆರಳಿಕೆಯ ಫಲವಾಗಿಯೇ ಹುಟ್ಟುತ್ತೆ. ಮೂಗುದಾರ ಇದ್ದರೆ ಸಾಲದು, ಇನ್ನೊಂದು ತುದಿಯನ್ನು ಯಾರಾದರೂ ಹಿಡೀಬೇಕಲ್ಲ? ಹಿಡಿಯೋ ಕೈ ಪಿಡಿ-ಎಲ್1. ಅದು ಹುಟ್ಟೋದು ದಾಳಿಗೊಳಗಾದ ಅಂಗಾಂಶದ ಕೋಶಗಳ ಮೇಲೆ. ಟಿ ಕೋಶ ಹೊಡೆಯುವಾಗ ಇಂಟರ್‌ಫೆರಾನ್ ಗಾಮಾ ಅನ್ನೋ ರಾಸಾಯನಿಕವನ್ನು ಸುರಿಸುತ್ತೆ. ಆ ರಾಸಾಯನಿಕ ಬಿದ್ದ ಜಾಗದ ಕೋಶಗಳು ಪಿಡಿ-ಎಲ್1 ಅನ್ನು ಹೊರಗೆ ಚಾಚುತ್ತವೆ. ಹೊಡೆತ ಜೋರಾದಷ್ಟೂ ಹಗ್ಗ ಹಿಡಿಯೋ ಕೈ ಜಾಸ್ತಿ. ಹೊಡೆಸಿಕೊಳ್ಳುವವನೇ ‘ಸಾಕು ಮಾಡಪ್ಪ’ ಅನ್ನೋ ವ್ಯವಸ್ಥೆ ಇದು. ಜೀವಶಾಸ್ತ್ರದಲ್ಲಿ ಇದಕ್ಕಿಂತ ಚಂದದ ಏರ್ಪಾಡು ನಾನು ಕಂಡಿಲ್ಲ.

ಒಳಗೆ ಆಗೋದು ಇಷ್ಟು. ಪಿಡಿ-1ರ ಬಾಲ ಕೋಶದೊಳಗೆ ಚಾಚಿದೆ. ಹಗ್ಗ ಎಳೆದಾಗ ಆ ಬಾಲದ ಮೇಲಿನ ಟೈರೋಸಿನ್ ಅನ್ನೋ ಅಮೈನೋ ಆಮ್ಲಗಳಿಗೆ ಫಾಸ್ಫೇಟ್ ಅಂಟುತ್ತೆ. ಅಲ್ಲಿಗೆ ಶಿಪ್-2 ಅನ್ನೋ ಕಿಣ್ವ ಬಂದು ಕೂರುತ್ತೆ. ‘ನಡಿ’ ಅನ್ನೋ ಸಂದೇಶ ಒಳಗೆ ಸಾಗೋದೂ ಇಂಥದೇ ಫಾಸ್ಫೇಟುಗಳ ಮೂಲಕ. ಶಿಪ್-2 ಅವನ್ನು ಕಿತ್ತು ಹಾಕುತ್ತೆ. 2017ರಲ್ಲಿ ಬಂದ ಒಂದು ಕೆಲಸ, ಅದು ಮೊದಲು ಕೈ ಹಾಕೋದು ಸಿಡಿ28ರ ಮೇಲೆ ಅಂತ ತೋರಿಸಿತು. ಅಂದರೆ ಮೂಗುದಾರ ಎರಡಿದ್ದರೂ ಎಳೆತ ಬೀಳೋ ಜಾಗ ಹೆಚ್ಚುಕಮ್ಮಿ ಒಂದೇ. ಲ್ಯಾಗ್-3, ಟಿಮ್-3, ಟಿಜಿಟ್ ಅಂತ ಇನ್ನೂ ಗ್ರಾಹಿಗಳಿವೆ. ಅವುಗಳ ವಿವರಕ್ಕೆ ಹೋದರೆ ಸಮಯ ಸಾಲಲ್ಲ.

ಹಗ್ಗ ಬಿಟ್ಟರೆ ಏನಾಗುತ್ತೆ

ವೈರಸ್ ಬೇಗ ಖಾಲಿಯಾದರೆ ಪಿಡಿ-1 ತಾನೇ ಇಳಿಯುತ್ತೆ. ದಂಡಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋಶಗಳು ಸಾಯುತ್ತವೆ, ಉಳಿದವು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಕಾಯುತ್ತವೆ. ವೈರಸ್ಸು ಹೋಗದೆ ಉಳಿದರೆ ಪಿಡಿ-1 ಇಳಿಯೋದೇ ಇಲ್ಲ. ಈ ಎರಡು ದಾರಿಯನ್ನು ಅಕ್ಕಪಕ್ಕ ಇಟ್ಟು ನೋಡೋಕೆ ಸಾಧ್ಯ ಮಾಡಿದ್ದು ಆಗಲೇ ಹೇಳಿದ ಎಲ್‌ಸಿಎಂ ವೈರಸ್. ಅದು ಸಿಕ್ಕಿದ್ದೂ ತಮಾಷೆಯ ರೀತಿಯಲ್ಲಿ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೆದುಳಿನ ಉರಿಯೂತದ ಪಿಡುಗು ಬಂತು. ಅದರ ವೈರಸ್ಸು ನಮ್ಮ ಜೆಇ ವೈರಸ್ಸಿನ ದಾಯಾದಿ. ಅದನ್ನು ಹುಡುಕುವಾಗ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಅವರ ಕೈಗೆ ಸಂಬಂಧವೇ ಇಲ್ಲದ ಇನ್ನೊಂದು ವೈರಸ್ ಸಿಕ್ಕಿತು. ಅದೇ ಇದು.

ಎಲ್‌ಸಿಎಂ ವೈರಸ್ಸನ್ನು ಇಲಿಯ ಮೆದುಳಿಗೆ ಚುಚ್ಚಿದರೆ ಇಲಿ ಒಂದು ವಾರದ ಆಸುಪಾಸಿನಲ್ಲಿ ಸಾಯುತ್ತೆ. ಟಿ ಕೋಶಗಳಿಲ್ಲದ ಇಲಿಗೆ ಚುಚ್ಚಿದರೆ? ವೈರಸ್ಸು ಮೆದುಳು ತುಂಬ ಬೆಳೆಯುತ್ತೆ, ಇಲಿ ಬದುಕಿರುತ್ತೆ. ಇದನ್ನು ನಾನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಕೊಂದದ್ದು ವೈರಸ್ಸಲ್ಲ, ಕಾಪಾಡೋಕೆ ಬಂದವರು. ‘ಮೆದಡು ವಾಪು’ ಅಂದ ತೆಲುಗಿನವರೇ ಸರಿ, ‘ಜ್ವರ’ ಅಂದ ನಾವು ತಪ್ಪು ಅಂತ ಅವತ್ತು ತೀರ್ಮಾನಿಸಿಬಿಟ್ಟೆ. ಆ ತೀರ್ಮಾನ ಅವಸರದ್ದು. ಯಾಕೆ ಅಂತ ಮುಂದೆ ಹೇಳ್ತೀನಿ.

ಹೈದರಾಬಾದಿನಲ್ಲಿ ಹುಟ್ಟಿ ಉಸ್ಮಾನಿಯಾದಲ್ಲಿ ಓದಿದ ರಫಿ ಅಹ್ಮದ್ ಮತ್ತು ಸಂಗಡಿಗರು 1984ರಲ್ಲಿ ಇದೇ ವೈರಸ್ಸಿನ ಒಂದು ರೂಪಾಂತರವನ್ನು ಬೇರ್ಪಡಿಸಿದರು. ಅದರ ಹೆಸರು ಕ್ಲೋನ್ 13. ಮೂಲ ತಳಿಯನ್ನು ಇಲಿ ವಾರದಲ್ಲಿ ಮುಗಿಸುತ್ತೆ. ಕ್ಲೋನ್ 13 ತಿಂಗಳುಗಟ್ಟಲೆ ಉಳಿಯುತ್ತೆ. ಅಂಥ ಇಲಿಯ ಟಿ ಕೋಶಗಳು ಇದ್ದೂ ಇಲ್ಲದ ಹಾಗಿರುತ್ತವೆ. ಮೊದಲು ಐಎಲ್-2 ಮಾಡೋ ಶಕ್ತಿ ಹೋಗುತ್ತೆ, ಆಮೇಲೆ ಟಿಎನ್‌ಎಫ್, ಕೊನೆಗೆ ಇಂಟರ್‌ಫೆರಾನ್ ಗಾಮಾ. ಇದಕ್ಕೆ ‘ಬಳಲಿಕೆ’ ಅಂತ ಹೆಸರು. 2006ರಲ್ಲಿ ರಫಿ ಅಹ್ಮದ್ ಅವರ ತಂಡ ಡೇನಿಯಲ್ ಬಾರ್ಬರ್ ಮೊದಲ ಲೇಖಕರಾಗಿದ್ದ ಲೇಖನದಲ್ಲಿ, ಬಳಲಿದ ಕೋಶಗಳ ಮೈತುಂಬ ಪಿಡಿ-1 ಇದೆ ಅಂತ ತೋರಿಸಿತು. ಹಗ್ಗ ಹಿಡಿದ ಕೈಗೆ, ಅಂದರೆ ಪಿಡಿ-ಎಲ್1ಗೆ ಪ್ರತಿಕಾಯ ಅಂಟಿಸಿ ಬಿಡಿಸಿದಾಗ ಕೋಶಗಳು ಮತ್ತೆ ಎದ್ದವು, ವೈರಸ್ ಇಳಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಡರ್ಬನ್‌ನ ಎಚ್‌ಐವಿ ರೋಗಿಗಳ ರಕ್ತದಲ್ಲೂ ಇದೇ ಚಿತ್ರ ಕಂಡಿತು. ಕ್ಯಾನ್ಸರಿನಲ್ಲಿ ಇದೇ ಹಗ್ಗ ಬಿಡಿಸುವ ಔಷಧಗಳಿಗೆ ದಾರಿ ಮಾಡಿದ ಕೆಲಸಕ್ಕೆ 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ಹೊಂಜೊ ಅವರಿಗೆ ನೊಬೆಲ್ ಬಂತು.

ಜನಪ್ರಿಯ ಲೇಖನಗಳು ಇಲ್ಲಿಗೆ ನಿಲ್ಲಿಸುತ್ತವೆ: ಬ್ರೇಕ್ ತೆಗೆದರು, ಗೆದ್ದರು. ಬಾರ್ಬರ್ ಅವರ ಅದೇ ಲೇಖನದಲ್ಲಿ ಇನ್ನೊಂದು ಫಲಿತಾಂಶ ಇದೆ. ಹುಟ್ಟಿನಿಂದಲೇ ಪಿಡಿ-ಎಲ್1 ಇಲ್ಲದ ಇಲಿಗಳಿಗೆ ಕ್ಲೋನ್ 13 ಕೊಟ್ಟಾಗ ಅವು ವೈರಸ್ಸನ್ನು ಗೆಲ್ಲಲಿಲ್ಲ. ಒಂದು ವಾರದ ಆಸುಪಾಸಿನಲ್ಲಿ ಸತ್ತವು. ಯಾಕೆ ಅಂತ 2012ರಲ್ಲಿ ಜ್ಯೂರಿಕ್‌ನ ಒಂದು ತಂಡ ವಿವರವಾಗಿ ನೋಡಿತು. ಪಿಡಿ-1 ಇಲ್ಲದ ಟಿ ಕೋಶಗಳು ವೈರಸ್ ತಗಲಿದ ರಕ್ತನಾಳದ ಒಳಗೋಡೆಯನ್ನು ಕೊಂದು ತೂತು ಮಾಡಿದ್ದವು, ರಕ್ತಪರಿಚಲನೆಯೇ ಕುಸಿದಿತ್ತು. ದೇಹ ತುಂಬ ವೈರಸ್ ಹರಡಿರುವಾಗ ಎಲ್ಲ ಸೋಂಕಿತ ಕೋಶವನ್ನೂ ಕೊಲ್ಲು ಅಂದರೆ ದೇಹವನ್ನೇ ಕೊಲ್ಲು ಅಂದ ಹಾಗೆ. ಹಾಗಾಗಿ ‘ಬಳಲಿಕೆ’ ಅನ್ನೋ ಪದ ನನಗೆ ಸರಿ ಅನ್ನಿಸಲ್ಲ. ಅದು ಸೋಲಲ್ಲ, ರಾಜಿ. ಗೆಲ್ಲಲಾಗದ ಜಗಳದಲ್ಲಿ ಮನೆ ಉಳಿಸಿಕೊಳ್ಳೋ ಲೆಕ್ಕಾಚಾರ. ಈ ರಾಜಿಯ ಲಾಭ ವೈರಸ್ಸಿಗೂ ಸಿಗುತ್ತೆ ಅನ್ನೋದು ಬೇರೆ ಮಾತು.

ಮೆದುಳಿನಲ್ಲೇ ನೋಡಿದ ಉದಾಹರಣೆ ಬೇಕಾ? ಇಲಿಗಳ ಮೆದುಳಿಗೆ ತಗಲುವ ಒಂದು ಕೊರೊನಾವೈರಸ್ ಇದೆ. ನಮಗೆ ಬಂದ ಕೋವಿಡ್ ಅಲ್ಲ, ಬಹಳ ಹಿಂದಿನಿಂದ ಪ್ರಯೋಗಾಲಯದಲ್ಲಿರೋದು. 2010ರ ಒಂದು ಅಧ್ಯಯನದಲ್ಲಿ, ಪಿಡಿ-ಎಲ್1 ಇಲ್ಲದ ಇಲಿಗಳ ಟಿ ಕೋಶಗಳು ಹೆಚ್ಚು ಚುರುಕಾಗಿ ಕೆಲಸ ಮಾಡಿದವು. ಆದರೂ ವೈರಸ್ಸು ಪೂರ್ತಿ ಹೋಗಲಿಲ್ಲ, ನರತಂತುಗಳಿಗೆ ಆದ ಹಾನಿ ಮಾತ್ರ ಜಾಸ್ತಿಯಾಯಿತು. ಗೆಲುವು ಅರ್ಧ, ನಷ್ಟ ದುಪ್ಪಟ್ಟು ಅನ್ನೋ ಥರ.

ಬೆಂಗಳೂರಿನ ಇಲಿಗಳು, ಕರ್ನಾಟಕದ ರಕ್ತ

ಹಾಗಾದರೆ ನಮ್ಮ ಹುಡುಗನ ಮೆದುಳನ್ನು ಕೆಡಿಸಿದ್ದು ಅವನ ಟಿ ಕೋಶಗಳೇ? ಅವಸರದ ತೀರ್ಮಾನ ಅಂದೆನಲ್ಲ, ಅದು ಇಲ್ಲಿದೆ.

1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಮಂಜುನಾಥ್ ಅವರ ಜೊತೆ ಕೆ. ಮುರಳಿ ಕೃಷ್ಣ, ನಿಮ್ಹಾನ್ಸ್‌ನ ವಿ. ರವಿ ಅವರ ಜೊತೆಗೂಡಿ, ಜೆಇ ವೈರಸ್ಸನ್ನು ಗುರುತಿಸುವ ಕೊಲೆಗಾರ ಟಿ ಕೋಶಗಳನ್ನು ಇಲಿಗಳಲ್ಲಿ ಬೆಳೆಸಿದರು. 1996ರಲ್ಲಿ ಬಂದ ಅವರ ಲೇಖನದ ಪ್ರಶ್ನೆ ಬಹಳ ಸರಳ. ಮೆದುಳಿಗೆ ನೇರವಾಗಿ, ಸಾಯುವಷ್ಟು ವೈರಸ್ ಚುಚ್ಚಿದ ಇಲಿಗೆ ಈ ಟಿ ಕೋಶಗಳನ್ನು ಕೊಟ್ಟರೆ ಏನಾಗುತ್ತೆ? ಎಲ್‌ಸಿಎಂ ಕಥೆ ಕೇಳಿದವರು ಬೇಗ ಸಾಯುತ್ತೆ ಅಂತಾರೆ. ವಯಸ್ಕ ಇಲಿಗಳು ಉಳಿದುಕೊಂಡವು. ಆದರೆ ಅದಕ್ಕೆ ಸಿಡಿ4 ಟಿ ಕೋಶಗಳೂ ಜೊತೆಗಿರಬೇಕಿತ್ತು. ಆಗತಾನೆ ಹುಟ್ಟಿದ ಮರಿಗಳು ಮಾತ್ರ ಉಳಿಯಲಿಲ್ಲ.

ಎಲ್‌ಸಿಎಂ ವೈರಸ್ಸು ತಾನು ಹೊಕ್ಕ ಕೋಶವನ್ನು ತಾನಾಗಿ ಕೊಲ್ಲಲ್ಲ. ಜೆಇ ವೈರಸ್ಸು ನರಕೋಶವನ್ನು ನೇರವಾಗಿಯೂ ಕೊಲ್ಲುತ್ತೆ. ಮೊದಲನೆಯದರಲ್ಲಿ ಟಿ ಕೋಶ ಸುಮ್ಮನಿದ್ದರೆ ಮನೆ ಉಳಿಯುತ್ತೆ, ಎರಡನೆಯದರಲ್ಲಿ ಸುಮ್ಮನಿದ್ದರೂ ಮನೆ ಸುಡುತ್ತೆ. ಹಾಗಾಗಿ ಮೂಗುದಾರ ಎಷ್ಟು ಬಿಗಿ ಇರಬೇಕು ಅನ್ನೋದಕ್ಕೆ ಎಲ್ಲ ವೈರಸ್ಸಿಗೂ ಒಂದೇ ಉತ್ತರ ಇಲ್ಲ. ಹಾನಿ ಮಾಡ್ತಿರೋದು ಯಾರು, ಎಷ್ಟು ಪಾಲು, ಯಾವ ಅಂಗದಲ್ಲಿ, ಯಾವ ದಿನ, ಇಷ್ಟನ್ನೂ ಕೇಳಬೇಕು. ನನ್ನ ಇವತ್ತಿನ ಇಡೀ ಮಾತು ಇಷ್ಟೇ.

ಇದಕ್ಕೆ ಆಸ್ಪತ್ರೆಯಿಂದಲೇ ಸಾಕ್ಷಿ ಇದೆ. ಡೆಕ್ಸಾಮೆಥಸೋನ್ ಅನ್ನೋ ಸ್ಟಿರಾಯ್ಡ್ ಪಿಡಿ-1ರ ದಾರಿಯಲ್ಲಿ ಕೆಲಸ ಮಾಡೋದಲ್ಲ, ಅದು ಇಡೀ ರಕ್ಷಣಾ ವ್ಯವಸ್ಥೆಯನ್ನೇ ಒಟ್ಟಿಗೆ ತಣಿಸೋ ಮೊಂಡು ಬ್ರೇಕು. 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಅದನ್ನು ಕೊಟ್ಟಾಗ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು, ಆಮ್ಲಜನಕ ಮಾತ್ರ ಬೇಕಿದ್ದವರಲ್ಲಿ ಐದನೇ ಒಂದರಷ್ಟು. ಆಮ್ಲಜನಕವೂ ಬೇಕಿಲ್ಲದವರಿಗೆ ಪ್ರಯೋಜನ ಆಗಲಿಲ್ಲ. ಅದೇ ಔಷಧವನ್ನು ಜೆಇ ರೋಗಿಗಳಿಗೆ ಥಾಯ್ಲೆಂಡಿನಲ್ಲಿ ಕೊಟ್ಟು ನೋಡಿದ್ದರು, ಫಲಿತಾಂಶ 1992ರಲ್ಲಿ ಬಂತು. ಏನೂ ಉಪಯೋಗ ಕಾಣಲಿಲ್ಲ. ಒಂದೇ ಬ್ರೇಕು, ಒಂದು ಕಡೆ ಪ್ರಾಣ ಉಳಿಸಿತು, ಇನ್ನೊಂದು ಕಡೆ ಸುಮ್ಮನಿತ್ತು.

ಈಗ ನನ್ನ ಹಳೆಯ ಪ್ರಶ್ನೆ: ಅವನಿಗೆ ಬಂದದ್ದು ನನಗೆ ಯಾಕಿಲ್ಲ. ನಿಮ್ಹಾನ್ಸ್ ಮತ್ತು ಇಂಗ್ಲೆಂಡಿನ ಲಿವರ್‌ಪೂಲ್‌ನ ಸಂಶೋಧಕರು ಸೇರಿ ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನ ಇದರ ತೀರ ಹತ್ತಿರ ಬರುತ್ತೆ. ವೈರಸ್ ತಗಲಿಯೂ ಕಾಯಿಲೆ ಬೀಳದ ಆರೋಗ್ಯವಂತರ ರಕ್ತ ಒಂದು ಕಡೆ, ಜೆಇ ಬಂದು ಬದುಕಿ ಉಳಿದವರ ರಕ್ತ ಇನ್ನೊಂದು ಕಡೆ. ವೈರಸ್ಸಿನ ಎಲ್ಲ ಪ್ರೋಟೀನುಗಳ ತುಣುಕುಗಳನ್ನೂ ತೋರಿಸಿ ಯಾವ ಟಿ ಕೋಶ ಪ್ರತಿಕ್ರಿಯಿಸುತ್ತೆ ಅಂತ ನೋಡಿದರು. ಆರೋಗ್ಯವಂತರಲ್ಲಿ ಪ್ರತಿಕ್ರಿಯಿಸಿದ್ದು ಹೆಚ್ಚಾಗಿ ಸಿಡಿ8 ಕೋಶಗಳು. ಅವು ಗುರುತಿಸಿದ್ದು ವೈರಸ್ಸು ಕೋಶದೊಳಗೆ ತಯಾರಿಸುವ, ಅದರ ಕವಚದಲ್ಲಿ ಇಲ್ಲದ ಪ್ರೋಟೀನುಗಳನ್ನು. ಕಾಯಿಲೆ ಬಂದವರಲ್ಲಿ ಪ್ರತಿಕ್ರಿಯಿಸಿದ್ದು ಹೆಚ್ಚಾಗಿ ಸಿಡಿ4 ಕೋಶಗಳು, ಅವು ಗುರುತಿಸಿದ್ದು ಕವಚದ ಪ್ರೋಟೀನುಗಳನ್ನು ಮತ್ತು ಕೋಶದಿಂದ ಹೊರಗೆ ಸೋರುವ ಎನ್‌ಎಸ್1 ಅನ್ನು. ಕಾಯಿಲೆ ಬಂದವರಲ್ಲೂ ಪೂರ್ತಿ ಚೇತರಿಸಿಕೊಂಡವರ ಸಿಡಿ4 ಕೋಶಗಳು ಒಂದೇ ಏಟಿಗೆ ಹಲವು ರಾಸಾಯನಿಕಗಳನ್ನು ಮಾಡಬಲ್ಲ ಒಳ್ಳೆಯ ದರ್ಜೆಯವು. ಆರೋಗ್ಯವಂತರ ಟಿ ಕೋಶಗಳು ಡೆಂಗಿ ವೈರಸ್ಸನ್ನೂ ಗುರುತಿಸುತ್ತಿದ್ದವು, ಅದೇ ಮನೆತನದ ವೈರಸ್ಸು ಅದು. ಎರಡೂ ಗುಂಪಿಗೆ ಡೆಂಗಿ ಸೋಂಕು ಒಂದೇ ಪ್ರಮಾಣದಲ್ಲಿ ಆಗಿದ್ದರೂ ಕಾಯಿಲೆ ಬಂದವರಲ್ಲಿ ಈ ಗುಣ ಕಡಿಮೆ.

ಇದರಲ್ಲಿ ಎಲ್ಲಾದರೂ ‘ಶಕ್ತಿ ಸಾಲಲಿಲ್ಲ’ ಅನ್ನೋದು ಇದೆಯಾ? ಎರಡೂ ಗುಂಪಿನ ದೇಹ ವೈರಸ್ಸಿಗೆ ಉತ್ತರ ಕೊಟ್ಟಿತ್ತು. ಉತ್ತರದ ಬಗೆ ಬೇರೆ, ಗುರಿ ಬೇರೆ. ಇದನ್ನು ಚಿಕ್ಕಮ್ಮನಿಗೆ ನನ್ನ ಮಾತಿನಲ್ಲಿ ಹೇಳಿದ್ದೀನಿ. ‘ನಿನ್ನ ಅನ್ನದ ತಪ್ಪಲ್ಲ, ಅವನ ರಕ್ತ ಸುಮ್ಮನೆ ಕೂತಿರಲಿಲ್ಲ, ಜಗಳ ಮಾಡಿತ್ತು’ ಅಂದೆ. ಕೇಳಿಸಿಕೊಂಡರು. ನಂಬಿದರು ಅಂತ ಹೇಳಲಾರೆ.

ಕೊರೊನಾ ವರ್ಷಗಳಲ್ಲಿ ಕಷಾಯದಿಂದ ಹಿಡಿದು ಬ್ರೆಡ್ಡಿನವರೆಗೆ ಎಲ್ಲದರ ಮೇಲೂ ‘ಇಮ್ಯುನಿಟಿ ಬೂಸ್ಟರ್’ ಅಂತ ಅಚ್ಚು ಹಾಕಿ ಮಾರಿದ್ದು ನಿಮಗೆ ನೆನಪಿರಬೇಕು. ರಕ್ಷಣಾ ವ್ಯವಸ್ಥೆ ಅನ್ನೋದು ಹೊಂಡದ ನೀರಲ್ಲ, ಮಟ್ಟ ಏರಿಸಿದರೆ ಸಾಕು ಅನ್ನೋಕೆ. ಆ ಅಚ್ಚು ಚಿಕ್ಕಮ್ಮನಂಥ ತಾಯಂದಿರ ತಪ್ಪಿತಸ್ಥ ಭಾವನೆಯನ್ನು ಗಟ್ಟಿ ಮಾಡುತ್ತೆ, ಅದಕ್ಕೇ ನನಗೆ ಸಿಟ್ಟು ಬರೋದು.

ಟಿ ಕೋಶಗಳಿಗೆ ಗುರಿಯನ್ನು ಮೊದಲೇ ಕಲಿಸೋ ಒಂದು ದಾರಿ ಇದೆ, ಲಸಿಕೆ. 2006ರಲ್ಲಿ ದೇಶದಲ್ಲಿ ಜೆಇಗೆ ಜೀವಂತ ದುರ್ಬಲ ವೈರಸ್ಸಿನ ಲಸಿಕೆಯ ಅಭಿಯಾನ ಶುರುವಾದಾಗ ಆರಿಸಿದ 11 ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 2013ರಲ್ಲಿ ಬಂದ ದೇಶೀ ಲಸಿಕೆ ಜೆನ್‌ವ್ಯಾಕ್ ತಯಾರಾಗಿದ್ದು ಕೋಲಾರದಲ್ಲಿ ಸಿಕ್ಕ ವೈರಸ್ ತಳಿಯಿಂದ. ನಮ್ಮ ಹುಡುಗನಿಗೆ ಇವೆರಡೂ ತಡವಾಗಿ ಬಂದವು.

ಪ್ರಶ್ನೆಗಳು

ಮೊದಲ ಪ್ರಶ್ನೆ: ಕ್ಯಾನ್ಸರಿಗೆ ಕೊಡೋ ಪಿಡಿ-1 ಇಂಜೆಕ್ಷನ್ನನ್ನು ವೈರಸ್ ಕಾಯಿಲೆಗೆ ಕೊಡಬಾರದಾ?

ಕೊಟ್ಟು ನೋಡಿದ್ದಾರೆ. ಜೆಸಿ ಅನ್ನೋ ವೈರಸ್ಸು ರಕ್ಷಣೆ ಕುಸಿದವರ ಮೆದುಳಿನ ಬಿಳಿ ಭಾಗವನ್ನು ತಿನ್ನುತ್ತೆ, ಅದಕ್ಕೆ ಬೇರೆ ಔಷಧ ಇಲ್ಲ. 2019ರಲ್ಲಿ ಎಂಟು ರೋಗಿಗಳಿಗೆ ಪೆಂಬ್ರೊಲಿಜುಮ್ಯಾಬ್ ಕೊಟ್ಟ ವರದಿ ಬಂತು. ಐವರಲ್ಲಿ ಕಾಯಿಲೆ ಸುಧಾರಿಸಿತು ಅಥವಾ ಅಲ್ಲಿಗೇ ನಿಂತಿತು. ಅಲ್ಲಿ ಹಾನಿ ಮಾಡ್ತಿದ್ದದ್ದು ವೈರಸ್ಸು, ಟಿ ಕೋಶ ಅಲ್ಲ. ಹೆಪಟೈಟಿಸ್ ಬಿ ಇದಕ್ಕೆ ತಿರುಗುಮುರುಗು. ಅಲ್ಲಿ ಯಕೃತ್ತಿಗೆ ಆಗುವ ಹಾನಿ ಬಹುಪಾಲು ಟಿ ಕೋಶಗಳದ್ದೇ, ಹಗ್ಗ ಬಿಟ್ಟರೆ ಕಾಮಾಲೆ ಉಲ್ಬಣಿಸೋ ಅಪಾಯ ಇದೆ. ಆ ವೈರಸ್ಸನ್ನು ಅಡಗಿಸಿಡೋಕೆ ಟೆನೊಫೊವಿರ್ ಮಾತ್ರೆ ಇದೆ, 2018ರ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತೆ. ಮನೆಯಲ್ಲಿ ಯಾರಿಗಾದರೂ ಇದ್ದರೆ ಇಂಜೆಕ್ಷನ್ ಹುಡುಕಿಕೊಂಡು ಹೋಗೋ ಮೊದಲು ಅದನ್ನು ತಗೊಳ್ಳಿ.

ಎರಡನೇ ಪ್ರಶ್ನೆ: ನಿಮಗೂ ಆಗ ಸೋಂಕು ತಗಲಿತ್ತು ಅಂತ ರಕ್ತ ಪರೀಕ್ಷೆಯಲ್ಲಿ ತಿಳ್ಕೊಂಡಿದ್ದೀರಾ?

ಇಲ್ಲ. ಸಾಮಾನ್ಯ ಪ್ರತಿಕಾಯ ಪರೀಕ್ಷೆಯಲ್ಲಿ ಜೆಇ ಮತ್ತು ಡೆಂಗಿ ಒಂದನ್ನೊಂದು ಹೋಲುತ್ತವೆ, ನನಗೆ ಡೆಂಗಿ ಬಂದು ಹೋಗಿದೆ. ಇನ್ನೂ ಸೂಕ್ಷ್ಮವಾದ ಪರೀಕ್ಷೆ ಮಾಡಿಸಿ ‘ತಗಲಿತ್ತು’ ಅಂತ ಬಂದರೂ ಯಾವ ವರ್ಷ, ಯಾವ ಸೊಳ್ಳೆ ಅಂತ ಅದು ಹೇಳಲ್ಲ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ಈ ಮಾತು ಬಂತು. ತಮ್ಮ ಪಕ್ಕದಲ್ಲೇ ಕೂತಿದ್ದ. ಅವನಿಗೆ ಮಾತು ಬರಲ್ಲ, ಕೇಳಿಸುತ್ತೆ, ಅರ್ಥವೂ ಆಗುತ್ತೆ. ಎಡಗೈಯಿಂದ ನನ್ನ ತೋಳು ತೋರಿಸಿ, ಆಮೇಲೆ ತನ್ನ ತೋಳು ತೋರಿಸಿ, ಎರಡೂ ಕಡೆ ಸೊಳ್ಳೆ ಹೊಡೆಯೋ ಹಾಗೆ ತಟ್ಟಿ ನಕ್ಕ.

ಸಮಯ ಮುಗೀತು ಅಂತ ಸಂಚಾಲಕರು ಚಾಟ್‌ನಲ್ಲಿ ಬರೆದಿದ್ದಾರೆ. ಉಳಿದ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕಳಿಸ್ತೀನಿ.